ಬಾಲ ಉಳಿಸಿಕೊಂಡ ರಾಜ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಪದದ ಕಥೆ. ಪದ ‘ಕುನಿಂಗಜ್’. ಇದನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ, ಯಾವ ಹಾಳೆಯಲ್ಲೂ ಬರೆದಿಲ್ಲ. ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಊಹಿಸುವ ಹಾಗೆ, ಭಾಷೆ ಬಲ್ಲವರು ಲೆಕ್ಕ ಹಾಕಿ ಕಟ್ಟಿದ ಪದ. ಅದಕ್ಕೇ ಬರೆಯುವಾಗ ಮುಂದೆ ಒಂದು ಸಣ್ಣ ನಕ್ಷತ್ರ ಹಾಕುತ್ತಾರೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ದಕ್ಷಿಣ ಸ್ಕಾಂಡಿನೇವಿಯಾ, ಉತ್ತರ ಜರ್ಮನಿಯ ಕಡೆ ಆಡುತ್ತಿದ್ದ ಮೂಲ ಜರ್ಮ್ಯಾನಿಕ್ ಭಾಷೆಯ ಪದ ಇದು. ಇಂಗ್ಲಿಷಿನ ಕಿಂಗ್, ಜರ್ಮನ್ನಿನ ಕ್ಯೋನಿಗ್, ಡಚ್ಚಿನ ಕೋನಿಂಗ್ ಎಲ್ಲ ಇದರ ಮಕ್ಕಳೇ. ಅರ್ಥ ರಾಜ.

ಪದ ಬಿಡಿಸಿದರೆ ಒಳಗೆ ‘ಕುನ್ಯ’ ಇದೆ. ಅಂದರೆ ಕುಲ. ಒಳ್ಳೆ ಕುಲದಲ್ಲಿ ಹುಟ್ಟಿದವನು ಅಂತಲೋ, ಕುಲಕ್ಕೆಲ್ಲ ಹಿರಿಯ ಅಂತಲೋ, ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಆದರೆ ಈ ಕುನ್ಯದ ಬೇರು ನಮಗೆ ಹೊಸದಲ್ಲ. ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ಜನ, ಜನ್ಮ, ಜಾತಿ ಎಲ್ಲ ಅದೇ ಬೇರಿನವು. ಸಂಸ್ಕೃತಕ್ಕೂ ಜರ್ಮ್ಯಾನಿಕ್‌ಗೂ ತಾಯಿಯಾದ ಹಳೆಯ ಭಾಷೆಯಲ್ಲಿದ್ದ ‘ಗ’ದಂಥ ಸದ್ದು ಸಂಸ್ಕೃತದಲ್ಲಿ ‘ಜ’ ಆಯಿತು, ಜರ್ಮ್ಯಾನಿಕ್‌ನಲ್ಲಿ ‘ಕ’ ಆಯಿತು. ಇಂಥ ಬದಲಾವಣೆಗಳನ್ನು ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಬರೆದಿಟ್ಟ. ಇಂಗ್ಲಿಷಿನಲ್ಲಿ ಮೊಣಕಾಲಿಗೆ ‘ನೀ’ ಅಂತ ಬರೆಯುವಾಗ, ಮುಂದೆ ಸುಮ್ನೆ ಒಂದು ‘ಕೆ’ ಯಾಕೆ ಅಂತ ಶಾಲೆಯಲ್ಲಿ ಬೈದುಕೊಂಡಿದ್ದೆವು, ಅಲ್ವಾ? ಅದು ಸಂಸ್ಕೃತದ ‘ಜಾನು’ವಿನ ‘ಜ’ಕ್ಕೆ ಜೋಡಿ. ಬರಹದಲ್ಲಿ ಉಳಿದಿದೆ, ಬಾಯಲ್ಲಿ ಹೋಗಿದೆ.

ಪದ ನೆರೆಮನೆಗಳಿಗೂ ಸಾಲ ಹೋಯಿತು. ರಷ್ಯದಲ್ಲಿ ‘ಕ್ನ್ಯಾಜ್’ ಅಂದರೆ ರಾಜಕುಮಾರ. ಲಿಥುವೇನಿಯಾದಲ್ಲಿ ‘ಕುನಿಗಸ್’ ಈಗ ಚರ್ಚಿನ ಪಾದ್ರಿ!

ನನಗೆ ಜಾಸ್ತಿ ಇಷ್ಟ ಫಿನ್ನಿಷ್. ಅದು ಈ ವಂಶದ ಭಾಷೆಯೇ ಅಲ್ಲ. ಆದರೂ ಅಲ್ಲಿ ರಾಜನಿಗೆ ‘ಕುನಿಂಗಸ್’ ಅನ್ನುತ್ತಾರೆ. ಸ್ವಂತ ಮಕ್ಕಳು ಪದವನ್ನು ಸವೆಸಿ ಕಿಂಗ್ ಮಾಡಿಕೊಂಡರು. ಸಾಲ ತಂದವರು ಕೊನೆಯ ‘ಅಸ್’ ಎಂಬ ಬಾಲದ ಸಮೇತ ಜೋಪಾನ ಮಾಡಿದರು. ನಕ್ಷತ್ರದ ಪದ ನಂಬಲು ಇದೇ ದೊಡ್ಡ ಸಾಕ್ಷಿ.

ತಮಾಷೆ ಏನೆಂದರೆ, ಸ್ವತಂತ್ರ ಫಿನ್ಲೆಂಡ್ 1918ರ ಅಕ್ಟೋಬರಿನಲ್ಲಿ ಒಬ್ಬ ಜರ್ಮನ್ ರಾಜಕುಮಾರನನ್ನು ತನ್ನ ಕುನಿಂಗಸ್ ಆಗಿ ಆರಿಸಿತು. ಅಷ್ಟರಲ್ಲಿ ಜರ್ಮನಿ ಯುದ್ಧ ಸೋತಿತು. ಡಿಸೆಂಬರಿನಲ್ಲಿ ಆತ ಪಟ್ಟವೇ ಬೇಡ ಅಂದ. ಆ ರಾಜ ಫಿನ್ಲೆಂಡಿಗೆ ಬರಲೇ ಇಲ್ಲ.