ನಟ್‌ಕ್ರ್ಯಾಕರ್‌ಗೆ ಮಾತು ಬಂದರೆ

ರಂಗಾಸಕ್ತರಿಗೆಲ್ಲ ನಮಸ್ಕಾರ.

ಕ್ರಿಸ್‌ಮಸ್ ಹತ್ತಿರವಾದರೆ ಅಮೆರಿಕದ ಊರೂರಿನಲ್ಲಿ ಚೈಕೋವ್ಸ್ಕಿ ಸಂಗೀತ ಕೊಟ್ಟ 'ನಟ್‌ಕ್ರ್ಯಾಕರ್' ಬ್ಯಾಲೆ, ಅಂದರೆ ಮಾತಿಲ್ಲದ ನೃತ್ಯನಾಟಕ, ನಡೆಯುತ್ತದೆ. ನಟ್‌ಕ್ರ್ಯಾಕರ್ ಎಂದರೆ ಕಾಯಿ ಒಡೆಯುವ ಮರದ ಬೊಂಬೆ. ಎಷ್ಟೋ ನೃತ್ಯ ಕಂಪನಿಗಳು ವರ್ಷವಿಡೀ ಉಸಿರಾಡುವುದು ಆ ಟಿಕೆಟ್ ಹಣದಿಂದಲೇ. ಇದನ್ನು ಮಾತು, ಹಾಡುಗಳ ಮ್ಯೂಸಿಕಲ್ ಮಾಡಲು ಹೊರಟವರಿಗೆ ಮೊದಲು ಕಾಡುವುದು ಅದರ ಕಥೆಯ ಬಡತನ.

1892ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿನ್ಸ್ಕಿ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಾದಾಗಲೇ ವಿಮರ್ಶಕರು ಗೊಣಗಿದ್ದರು: ಮೊದಲರ್ಧವೆಲ್ಲ ಮಕ್ಕಳ ಗದ್ದಲ, ಮುಖ್ಯ ನರ್ತಕಿಯ ದೊಡ್ಡ ನೃತ್ಯ ಬರುವುದು ಕೊನೆಗೆ. ಗೊಣಗಾಟ ನ್ಯಾಯವಾದದ್ದೇ. ಉಡುಗೊರೆಯಾಗಿ ಬಂದ ನಟ್‌ಕ್ರ್ಯಾಕರ್ ಬೊಂಬೆ ರಾತ್ರಿ ಜೀವ ತಳೆದು ಇಲಿರಾಜನೊಡನೆ ಕಾದಾಡುವಾಗ, ನಾಯಕಿ ಕ್ಲಾರಾ ಆ ಇಲಿರಾಜನತ್ತ ಚಪ್ಪಲಿ ಎಸೆಯುತ್ತಾಳೆ. ಅಲ್ಲಿಗೆ ಅವಳ ಪಾತ್ರ ಮುಗಿದಂತೆಯೇ. ಎರಡನೇ ಅಂಕದಲ್ಲಿ ಸಿಹಿತಿನಿಸುಗಳ ನಾಡಿನಲ್ಲಿ ಕುಳಿತು ಚಾಕೊಲೇಟ್, ಕಾಫಿ, ಚಹಾಗಳ ಕುಣಿತ ನೋಡುತ್ತಾಳೆ. ಬ್ಯಾಲೆಯಲ್ಲಿ ಇದು ನಡೆಯುತ್ತದೆ. ಹಾಡಬೇಕಾದ ನಾಯಕಿಗೆ ಮಾತ್ರ ಏನಾದರೂ ಬೇಕಾಗಿರಬೇಕು, ಅದು ಸುಲಭವಾಗಿ ಸಿಗಬಾರದು.

ಜರ್ಮನ್ ಲೇಖಕ ಹಾಫ್‌ಮನ್ 1816ರಲ್ಲಿ ಬರೆದ ಮೂಲ ಕಥೆಯಲ್ಲಿ ಅದಿದೆ. ಅಲ್ಲಿ ಹುಡುಗಿಯ ಹೆಸರು ಮರಿ. ಏಳು ತಲೆಯ ಇಲಿರಾಜ ರಾತ್ರಿ ಅವಳ ಹಾಸಿಗೆಯ ಬಳಿ ಬಂದು, ನಿನ್ನ ಮಿಠಾಯಿ ಕೊಡು, ಇಲ್ಲವಾದರೆ ನಟ್‌ಕ್ರ್ಯಾಕರನ್ನು ಕಚ್ಚಿ ಚೂರು ಮಾಡುತ್ತೇನೆ ಎಂದು ಹೆದರಿಸುತ್ತಾನೆ. ಅವಳು ಕೊಡುತ್ತಾಳೆ. ಆಮೇಲೆ ಸಕ್ಕರೆ ಬೊಂಬೆಗಳು. ಅವೂ ಹೋಗುತ್ತವೆ. ಅಷ್ಟಕ್ಕೂ ತೃಪ್ತಿಯಿಲ್ಲ; ಚಿತ್ರದ ಪುಸ್ತಕ, ಹೊಸ ಉಡುಪು ಬೇಕಂತೆ. ಕೊನೆಗೆ ಅವಳ ಅಣ್ಣ ತನ್ನ ಆಟಿಕೆ ಸೈನ್ಯದ ಪಿಂಚಣಿದಾರ ಕರ್ನಲ್‌ನ ಕತ್ತಿಯನ್ನು ನಟ್‌ಕ್ರ್ಯಾಕರ್‌ಗೆ ಕೊಡಿಸುತ್ತಾನೆ. (ಆ ಕರ್ನಲ್‌ಗೂ ಒಂದು ಹಾಡು ಕೊಡಬಹುದು ಎಂಬ ಆಸೆ ನನಗಿದೆ.) ಬ್ಯಾಲೆಗೆ ಆಧಾರವಾದದ್ದು ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡ್ರ್ ಡ್ಯೂಮಾ ಮರುಹೇಳಿದ ಕಥೆ; ಅದನ್ನು ರಂಗಕ್ಕೆ ಇಳಿಸುವಾಗ ಈ ಬೆದರಿಕೆಯ ರಾತ್ರಿಗಳು ಬಿಟ್ಟುಹೋದವು.

ಇನ್ನು ಸಂಗೀತ. ಸಿದ್ಧ ಮಟ್ಟಿಗೆ (ಧಾಟಿಗೆ) ಹಾಡು ಕಟ್ಟುವುದು ನಮ್ಮ ಕಂಪನಿ ನಾಟಕದ ಕವಿಗಳಿಗೆ ನಿತ್ಯದ ಕೆಲಸವಾಗಿತ್ತು. ಆದರೆ ಆ ಮಟ್ಟುಗಳು ಕಂಠದಲ್ಲಿ ಹುಟ್ಟಿದವು, ಚೈಕೋವ್ಸ್ಕಿಯವು ವಾದ್ಯಗಳಲ್ಲಿ. ಸಿಹಿತಿನಿಸುಗಳ ನಾಡಿನ ಒಡತಿ ಸಕ್ಕರೆ ಯಕ್ಷಿಣಿಯ ನೃತ್ಯಕ್ಕೆ ಆತ ಬಳಸಿದ್ದು ಆಗಷ್ಟೇ ಪ್ಯಾರಿಸ್‌ನಲ್ಲಿ ಕಂಡಿದ್ದ ಸೆಲೆಸ್ಟಾ, ಪುಟ್ಟ ಗಂಟೆಗಳಂತೆ ನುಡಿಯುವ ಕೀಲಿಮಣೆ ವಾದ್ಯ. ಆ ಕಿಣಿಕಿಣಿ ಸ್ವರಗಳಿಗೆ ಅಕ್ಷರ ಜೋಡಿಸಿದರೆ ಹಾಡುವವರ ನಾಲಿಗೆ ತೊಡರುತ್ತದೆ. ಹಿಮಹನಿಗಳ ವಾಲ್ಟ್ಸ್ ಎಂಬ ಮೂರೆಣಿಕೆಯ ನೃತ್ಯದಲ್ಲಿ ಆತನೇ ಗಾಯಕವೃಂದವನ್ನು ತಂದ, ಪದ ಮಾತ್ರ ಕೊಡಲಿಲ್ಲ. ಕೊನೆಯ ಜೋಡಿನೃತ್ಯದ ರಾಗವಂತೂ ನಮ್ಮ ಕಿವಿಗೆ ಶಂಕರಾಭರಣದ ಅವರೋಹಣ: ಸ ನಿ ದ ಪ ಮ ಗ ರಿ ಸ, ನೇರ ಇಳಿತ. ಚೆಲ್ಲೋ ಎಂಬ ದೊಡ್ಡ ಪಿಟೀಲುಗಳಲ್ಲಿ ಅದು ಎದೆ ಹಿಂಡುತ್ತದೆ. ಸಾಹಿತ್ಯ ಕೂರಿಸಿದರೆ ಸಂಗೀತ ಶಾಲೆಯ ಪಾಠವಾದೀತು. ಅಲ್ಲಿ ಯಾರೂ ಬಾಯಿ ತೆರೆಯಬಾರದು. 1960ರಲ್ಲಿ ಅಮೆರಿಕದ ಜಾಝ್ ಸಂಗೀತಗಾರರಾದ ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಈ ಸಂಗೀತವನ್ನು ಜಾಝ್‌ಗೆ ಹೊರಳಿಸಿದಾಗ ಮಾತಿನ ಹಂಗಿಲ್ಲದೆ ಲಯವನ್ನೇ ಬದಲಿಸಿ ಗೆದ್ದರು.

ತಿನಿಸುಗಳ ಕುಣಿತ ಕೈಬಿಟ್ಟರೆ ನಿರ್ಮಾಪಕ ಒಪ್ಪುವುದಿಲ್ಲ. ಕುಣಿಯುವ ಮಕ್ಕಳ ಅಪ್ಪ ಅಮ್ಮಂದಿರೇ ಟಿಕೆಟ್ ಕೊಳ್ಳುವವರು. ಬಿಡುವುದೂ ಬೇಡ. ಅವನ್ನು ಎರಡನೇ ಅಂಕದಿಂದ ಕಿತ್ತು ಬೆದರಿಕೆಯ ರಾತ್ರಿಗಳಿಗೆ ತನ್ನಿ. ಚಾಕೊಲೇಟ್ ಕುಣಿದು ಮುಗಿಸುತ್ತಿದ್ದಂತೆ ಇಲಿರಾಜ ಅದನ್ನು ಹೊತ್ತೊಯ್ಯಲಿ. ಮರುರಾತ್ರಿ ಬಾದಾಮಿ ಮಿಠಾಯಿ ಮಾರ್ಜಿಪಾನ್. ಈಗ ಮರಿ ಸುಮ್ಮನೆ ಕುಳಿತು ನೋಡುತ್ತಿಲ್ಲ. ಯಾವುದನ್ನು ಕಳಿಸಬೇಕೆಂದು ಆರಿಸುವವಳು ಅವಳೇ.