ಪ್ಯಾಂಕ್ರಿಯಾಸ್ ಸುತ್ತ ನೀರು: ಸಿಟಿ ಓದೋ ಮೊದಲು ನೋವಿನ ತಾರೀಕು ಕೇಳಿ

[ಪರದೆ: ಹೊಟ್ಟೆಯ ಸಿಟಿ. ಜಠರದ ಹಿಂದೆ ಬೂದು ಬಣ್ಣದ ದೊಡ್ಡ ಶೇಖರಣೆ]

ನಮಸ್ಕಾರ. ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಪ್ಯಾಂಕ್ರಿಯಾಸ್‌ಗೆ (ಮೇದೋಜೀರಕ ಗ್ರಂಥಿಗೆ) ದಿಢೀರ್ ಉರಿಯೂತ ಆದವರ ಸಿಟಿ ಇದು. ಈ ನೀರಿಗೆ ಏನು ಹೆಸರು? ‘ಸ್ಯೂಡೋಸಿಸ್ಟ್’ ಅಂತ ಬಾಯಿಗೆ ಬಂದಿರುತ್ತೆ. ತಡೀರಿ. ನೋವು ಶುರುವಾಗಿ ಎಷ್ಟು ದಿನ ಆಯ್ತು?

ಈ ಕಾಯಿಲೆಯಲ್ಲಿ ನಿಲ್ಲೋ ನೀರಿಗೆ ಹೆಸರು ಕೊಡೋಕೆ 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ ಎರಡೇ ಪ್ರಶ್ನೆ ಕೇಳುತ್ತೆ. 4 ವಾರ ಕಳೆದಿದೆಯಾ? ಅಂಗಾಂಶ ಸತ್ತಿದೆಯಾ? ಬರೀ ಊತವಿದ್ದು 4 ವಾರದೊಳಗೆ ನೀರು ನಿಂತರೆ ಅದಕ್ಕೆ ಗೋಡೆ ಇರಲ್ಲ, ಹೆಚ್ಚಿನವು ತಾವಾಗೇ ಇಂಗಿಹೋಗ್ತವೆ. ಉಳಿದು ಗೋಡೆ ಕಟ್ಟಿಕೊಂಡರೆ ಆಗ ಸ್ಯೂಡೋಸಿಸ್ಟ್. ನಿಜ ಹೇಳಬೇಕಂದ್ರೆ, ಇದು ಅಪರೂಪ.

ಅಂಗಾಂಶ ಸತ್ತಿದ್ದರೆ (ನೆಕ್ರೋಸಿಸ್) ಕಥೆ ಬೇರೆ. ಮೊದಲ 4 ವಾರ ಅಕ್ಯೂಟ್ ನೆಕ್ರೋಟಿಕ್ ಕಲೆಕ್ಷನ್, ಗೋಡೆ ಬಲಿತ ಮೇಲೆ ವಾಲ್ಡ್-ಆಫ್ ನೆಕ್ರೋಸಿಸ್.

[ಪರದೆ: ಅದೇ ಜಾಗದ ಸಿಟಿ ಮತ್ತು ಎಂಆರ್‌ಐ ಅಕ್ಕಪಕ್ಕ]

ಎಡವೋದು ಇಲ್ಲೇ. ಸಿಟಿಯಲ್ಲಿ ತಿಳಿನೀರಿನ ಹಾಗೆ ಕಂಡದ್ದು ಟಿ2 (ನೀರು ಬೆಳ್ಳಗೆ ಕಾಣೋ ಬಗೆಯ) ಎಂಆರ್‌ಐಯಲ್ಲಿ ಅಗುಳು ತೇಲೋ ಗಂಜಿ! ಸತ್ತ ಅಂಗಾಂಶದ ತುಣುಕುಗಳು ಅವು. ಬಾಯಿಂದ ಕೊಳವೆ ಇಳಿಸಿ ಮಾಡೋ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನಲ್ಲೂ ಚೆನ್ನಾಗಿ ಕಾಣ್ತವೆ. ಸ್ಯೂಡೋಸಿಸ್ಟ್ ಅಂತ ನಂಬಿ ಸಣ್ಣ ಟ್ಯೂಬ್ ಹಾಕಿದರೆ ನೀರು ಬರುತ್ತೆ, ತುಣುಕು ಒಳಗೇ ಉಳಿಯುತ್ತೆ, ಸೋಂಕು ಹಿಡಿಯುತ್ತೆ. ಗ್ರಂಥಿಯ ಒಂದು ಭಾಗ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡೋ ಬಣ್ಣದ ಔಷಧಿ) ಹೀರದೆ ಕಪ್ಪಾಗಿದ್ದು, ಅಲ್ಲೇ ನೀರಿದ್ದರೆ ಸ್ಯೂಡೋಸಿಸ್ಟ್ ಅನ್ನೋ ಮಾತೇ ಬೇಡ. ಆದರೆ ಮೊದಲ ಎರಡು-ಮೂರು ದಿನದ ಸಿಟಿ ನಂಬಿ ‘ನೆಕ್ರೋಸಿಸ್ ಇಲ್ಲ’ ಅಂತ ಬರೀಬೇಡಿ. ಅದು ಸ್ಪಷ್ಟವಾಗಿ ಕಾಣೋದಕ್ಕೆ 5ರಿಂದ 7 ದಿನ ಬೇಕು.

ಒಳಗೆ ಗಾಳಿಗುಳ್ಳೆ ಕಂಡರೆ? ಸೋಂಕಿನ ಅನುಮಾನ ಬಲವಾಗುತ್ತೆ. ಕರುಳಿಗೆ ತೂತು ಬಿದ್ದಿದ್ದರೂ ಗಾಳಿ ಬರಬಹುದು, ಅದನ್ನೂ ಹುಡುಕಿ. ಗುಳ್ಳೆ ಇಲ್ಲ ಅಂದಮಾತ್ರಕ್ಕೆ ಸೋಂಕಿಲ್ಲ ಅಂತಲ್ಲ.

ಸೋಂಕಾದರೂ ತಕ್ಷಣ ಟ್ಯೂಬ್ ಹಾಕಲೇಬೇಕಾ? 2021ರಲ್ಲಿ ಬಂದ ಡಚ್ಚರ ಪಾಯಿಂಟರ್ ಅಧ್ಯಯನದಲ್ಲಿ ಅವಸರದ ಡ್ರೈನೇಜ್‌ನಿಂದ (ಟ್ಯೂಬ್ ಹಾಕಿ ನೀರು ತೆಗೆಯೋದರಿಂದ) ತೊಡಕು ಕಡಿಮೆಯಾಗಲಿಲ್ಲ. ಗೋಡೆ ಬಲಿಯೋವರೆಗೆ ಕಾದ ಗುಂಪಿನಲ್ಲಿ 39% ಮಂದಿ ಆಂಟಿಬಯಾಟಿಕ್‌ನಲ್ಲೇ ಸುಧಾರಿಸಿದರು. ಹಾಗಾಗಿ ಗೋಡೆ ಪೂರ್ತಿ ಇದೆಯಾ, ಅರ್ಧವಾ, ಜಠರಕ್ಕೆ ಅಂಟಿಕೊಂಡಿದೆಯಾ ಅಂತ ರಿಪೋರ್ಟಿನಲ್ಲಿ ಬಿಡಿಸಿ ಬರೀರಿ. ಸರ್ಜನ್‌ಗೆ, ಗ್ಯಾಸ್ಟ್ರೋ ಡಾಕ್ಟರಿಗೆ ಬೇಕಿರೋದು ಅದೇ.

[ಪರದೆ: ಶೇಖರಣೆಯೊಳಗೆ ಬೆಳ್ಳಗಿನ ಚುಕ್ಕಿ, ಬಾಣದ ಗುರುತು]

ಈ ಚುಕ್ಕಿ ಮಹಾಧಮನಿಯಷ್ಟೇ ಬೆಳ್ಳಗಿದೆ, ನೋಡಿದ್ರಾ? ಸ್ಯೂಡೋಅನ್ಯೂರಿಸಂ, ಅಂದ್ರೆ ಧಮನಿಯ ಗೋಡೆ ಹರಿದು ರಕ್ತ ತುಂಬಿದ ಉಬ್ಬು. ಸಾಮಾನ್ಯವಾಗಿ ಸ್ಪ್ಲೀನಿಕ್ (ಗುಲ್ಮದ) ಧಮನಿಯದ್ದು. ಇಲ್ಲಿ ಟ್ಯೂಬ್ ಹಾಕಿದರೆ ರಕ್ತ ನಿಲ್ಲಿಸೋದು ಕಷ್ಟ, ಮೊದಲು ಎಂಬೊಲೈಸೇಷನ್, ಅಂದ್ರೆ ಆ ಧಮನಿಯನ್ನು ಒಳಗಿಂದಲೇ ಮುಚ್ಚೋದು ಆಗಬೇಕು. ರಿಪೋರ್ಟ್ ಟೈಪ್ ಆಗೋವರೆಗೆ ಕಾಯಬೇಡಿ, ವಾರ್ಡಿಗೆ ಫೋನ್ ಮಾಡಿ.