ವಾರದ ಮಾತ್ರೆ ಮತ್ತು ಲಸಿಕೆ

ಕೇಳುಗರೆಲ್ಲರಿಗೂ ನಮಸ್ಕಾರ.

2021ರ ಏಪ್ರಿಲ್. ಕೋವಿಡ್ ಲಸಿಕೆಯ ಸಾಲಿನಲ್ಲಿ ಎರಡು ಗಂಟೆ ನಿಂತಿದ್ದೆ. ಮಂಡಿ ಊದಿಕೊಂಡಿತ್ತು, ಗೋಡೆಗೆ ಒರಗಿದ್ದೆ. ನನ್ನ ಸರದಿ ಬಂದಾಗ ಮೇಜಿನ ಹತ್ತಿರ ಕೂತಿದ್ದವರು ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರು. ಮೆಥೋಟ್ರೆಕ್ಸೇಟ್ ಅಂದೆ. "ಅದು ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಮಾತ್ರೆ, ನಿಮಗೆ ಲಸಿಕೆ ಹಾಕೋಕಾಗಲ್ಲ" ಅಂತ ವಾಪಸ್ ಕಳಿಸಿದರು. ನಾನೂ ನಂಬಿಕೊಂಡು ಮನೆಗೆ ಬಂದೆ.

ಆ ಮಾತು ತಪ್ಪಾಗಿತ್ತು. ಈಗಲೂ ಎಷ್ಟೋ ಜನ ಹಾಗೇ ನಂಬಿದ್ದಾರೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ನನಗಿರುವುದು ರುಮಟಾಯ್ಡ್ ಸಂಧಿವಾತ. ವಯಸ್ಸಾಗಿ ಸವೆದು ಬರುವ ಮಂಡಿನೋವಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಹಾಗೆ. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳನ್ನು ತಿನ್ನುತ್ತದೆ. ಆ ಬೇಲಿಯನ್ನು ತಗ್ಗಿಸಲಿಕ್ಕೆ ನಾವು ಮಾತ್ರೆ ನುಂಗುತ್ತೇವೆ. ಬೇಲಿ ತಗ್ಗಿದರೆ ಹೊರಗಿನ ದನವೂ ನುಗ್ಗುತ್ತದೆ ಅಲ್ವಾ? ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ನಮಗೆ ಬೇಗ ತಗಲುತ್ತವೆ, ಬಂದರೆ ಜೋರಾಗಿಯೇ ಬರುತ್ತವೆ. ಹಾಗಾಗಿ ಲಸಿಕೆ ನಮಗೆ ಬೇರೆಯವರಿಗಿಂತ ಜಾಸ್ತಿ ಬೇಕು.

ಆದರೆ ಎಲ್ಲ ಲಸಿಕೆಯೂ ಒಂದೇ ಅಲ್ಲ. ಕೆಲವದರಲ್ಲಿ ಸತ್ತ ರೋಗಾಣು ಅಥವಾ ಅದರ ಒಂದು ತುಣುಕು ಮಾತ್ರ ಇರುತ್ತದೆ. ಇನ್ನು ಕೆಲವದರಲ್ಲಿ ಬಲ ಕುಗ್ಗಿಸಿದ, ಆದರೆ ಜೀವ ಇರುವ ರೋಗಾಣು. ಈ ಜೀವಂತ ಲಸಿಕೆಗಳೇ ನಮಗೆ ಅಪಾಯ. ದಡಾರ, ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್, ಹಳದಿ ಜ್ವರ, ಕ್ಷಯರೋಗ ತಡೆಯಲು ಕೊಡುವ ಬಿಸಿಜಿ, ಬಾಯಿಗೆ ಹಾಕುವ ಪೋಲಿಯೋ ಹನಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಈ ಗುಂಪಿನವು. ಒಂದೇ ಕಾಯಿಲೆಗೆ ಎರಡೂ ಬಗೆ ಇರುವುದುಂಟು. ಮಿದುಳು ಜ್ವರ ಅಂತೀವಲ್ಲ, ಜಪಾನೀಸ್ ಎನ್ಸೆಫಲೈಟಿಸ್, ಅದಕ್ಕೆ ಜೀವಂತ ಲಸಿಕೆಯೂ ಇದೆ, ಸತ್ತ ವೈರಸ್ಸಿನದೂ ಇದೆ. ಸತ್ತ ವೈರಸ್ಸಿನ ಜೆನ್ವ್ಯಾಕ್ ಲಸಿಕೆ ತಯಾರಾಗಿದ್ದು ನಮ್ಮ ಕೋಲಾರದಲ್ಲಿ ಸಿಕ್ಕ ವೈರಸ್ಸಿನಿಂದಲೇ. ಅಂದರೆ ಕಾಯಿಲೆಯ ಹೆಸರು ಕೇಳಿದರೆ ಸಾಲದು. "ಇದು ಜೀವಂತ ಲಸಿಕೆಯಾ?" ಅಂತಲೂ ಕೇಳಬೇಕು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಬೆಳೆಯಬಲ್ಲ ವೈರಸ್ ಇರಲಿಲ್ಲ. ನನ್ನನ್ನು ಅಂದು ವಾಪಸ್ ಕಳಿಸಲು ಕಾರಣವೇ ಇರಲಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಲಸಿಕೆ ಹಾಕಿಸುವಾಗ ಮಾತ್ರೆ ನಿಲ್ಲಿಸಬೇಕಾ?

ಮೆಥೋಟ್ರೆಕ್ಸೇಟನ್ನು ವಾರಕ್ಕೊಂದೇ ದಿನ ತಗೊಳ್ಳುವುದರಿಂದ ನಾವು ಅದನ್ನು ವಾರದ ಮಾತ್ರೆ ಅಂತೀವಿ. ಅದು ಲಸಿಕೆಯ ಫಲವನ್ನೂ ಸ್ವಲ್ಪ ತಗ್ಗಿಸುತ್ತದೆ. ಇದನ್ನು ನಮ್ಮ ಪಕ್ಕದ ಕೊಚ್ಚಿಯಲ್ಲೇ ಪರೀಕ್ಷೆ ಮಾಡಿ ನೋಡಿದರು. ಕೋವಿಶೀಲ್ಡ್ ಹಾಕಿಸಿಕೊಂಡ ಮೇಲೆ 2 ವಾರ ಈ ಮಾತ್ರೆ ಬಿಟ್ಟವರಲ್ಲಿ ರೋಗಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಜಾಸ್ತಿ ಹುಟ್ಟಿದವು. ಆದರೆ ಎರಡೂ ಡೋಸ್‌ಗೆ ಮಾತ್ರೆ ಬಿಟ್ಟವರಿಗೆ ಕೀಲುನೋವು ಮರುಕಳಿಸಿದ್ದೂ ಜಾಸ್ತಿ. ಎರಡನೇ ಡೋಸ್ ಆದಮೇಲೆ ಮಾತ್ರ ಬಿಟ್ಟವರಿಗೆ ಲಾಭ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು, ನೋವಿನ ಕಾಟ ಕಡಿಮೆ. ಈಗ ವೈದ್ಯರು ಫ್ಲೂ ಲಸಿಕೆ ಆದಮೇಲೆ, ಕಾಯಿಲೆ ಹತೋಟಿಯಲ್ಲಿದ್ದರೆ, ಮೆಥೋಟ್ರೆಕ್ಸೇಟನ್ನು 2 ವಾರ ನಿಲ್ಲಿಸಲು ಹೇಳುತ್ತಾರೆ. ಜೀವಂತವಲ್ಲದ ಬೇರೆ ಲಸಿಕೆಗಳಿಗೆ ಸಾಮಾನ್ಯವಾಗಿ ನಿಲ್ಲಿಸುವುದು ಬೇಡ. ಇದೇ ಕಾಯಿಲೆಗೆ ರಿಟುಕ್ಸಿಮ್ಯಾಬ್ ಅನ್ನುವ ಔಷಧಿಯ ಡ್ರಿಪ್ ಹಾಕಿಸಿಕೊಳ್ಳುವವರ ಲೆಕ್ಕ ಬೇರೆ. ಫ್ಲೂ ಲಸಿಕೆಗೆ ಕಾಯಬೇಕಿಲ್ಲ. ಉಳಿದ ಲಸಿಕೆಗಳನ್ನು ಮುಂದಿನ ಡ್ರಿಪ್ ಹತ್ತಿರ ಬಂದಾಗ ಹಾಕಿಸಿ, ಡ್ರಿಪ್ಪನ್ನು ಕನಿಷ್ಠ 2 ವಾರ ಮುಂದೂಡುತ್ತಾರೆ. ಇದನ್ನೆಲ್ಲ ನಿಮ್ಮ ವೈದ್ಯರೇ ಹೇಳಬೇಕು. ನೀವಾಗಿ ಏನನ್ನೂ ಬಿಡಬೇಡಿ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಯನ್ನಂತೂ ಥಟ್ಟನೆ ನಿಲ್ಲಿಸಲೇಬಾರದು, ಅದು ಜೀವಕ್ಕೇ ಅಪಾಯ.

ಸರ್ಪಸುತ್ತಿನ ಬಗ್ಗೆ ನನಗೆ ಹೇಳಲೇಬೇಕಾದ್ದಿದೆ. ಸಂಧಿವಾತಕ್ಕೇ ಕೊಡುವ ಟೋಫಾಸಿಟಿನಿಬ್ ಮಾತ್ರೆ ಶುರುಮಾಡಿದ ವರ್ಷ ನನಗದು ಬಂತು. ಆ ಮಾತ್ರೆಯಿಂದ ಸರ್ಪಸುತ್ತಿನ ಸಾಧ್ಯತೆ ಹೆಚ್ಚುತ್ತದೆ. ಸೊಂಟದ ಸುತ್ತ ಗುಳ್ಳೆ, ಬೆಂಕಿ ಇಟ್ಟಂಥ ಉರಿ. ಮನೆಯವರು ಕೆಮ್ಮಣ್ಣು ಹಚ್ಚಿದರು. ಹಾವಿನ ತಲೆ ಬಾಲ ಕೂಡಿದರೆ ಕಷ್ಟ ಅಂತ ಅಕ್ಕಪಕ್ಕದವರು ಹೆದರಿಸಿದರು. ವೈದ್ಯರ ಹತ್ತಿರ ಹೋಗುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಗುಳ್ಳೆ ಎದ್ದ 3 ದಿನದೊಳಗೆ ವೈರಸ್ ತಡೆಯುವ ಮಾತ್ರೆ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಆಗ ತಿಳಿಯಿತು. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಸೀರೆ ಸೋಕಿದರೆ ಜೀವ ಹೋದಂತಾಗುತ್ತಿತ್ತು. ಇದನ್ನು ತಡೆಯುವ ಶಿಂಗ್ರಿಕ್ಸ್ ಲಸಿಕೆ 2023ರಲ್ಲಿ ನಮ್ಮ ದೇಶಕ್ಕೆ ಬಂತು. ಅದು ಜೀವಂತ ಲಸಿಕೆಯಲ್ಲ. ದುಬಾರಿ, ಸಾಲದ್ದಕ್ಕೆ ಎರಡು ಡೋಸ್ ಬೇಕು. ಆದರೂ ಆ ಉರಿ ಉಂಡವಳಾಗಿ ಹೇಳುತ್ತಿದ್ದೇನೆ, ಕೈಲಾದರೆ ಹಾಕಿಸಿಕೊಳ್ಳಿ.

ನಾಯಿ ಕಚ್ಚಿದರೆ ಮಾತ್ರ ಯಾವ ಲೆಕ್ಕಾಚಾರವೂ ಬೇಡ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಜೀವಂತವಲ್ಲ. ನೀವು ತಗೊಳ್ಳುವ ಮಾತ್ರೆಯ ಹೆಸರು ಅಲ್ಲಿ ಹೇಳಲೇಬೇಕು. ಯಾಕೆಂದರೆ ನಮ್ಮಂಥವರಿಗೆ ರಕ್ತ ಬಾರದ ಸಣ್ಣ ಗೀರಾದರೂ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಕೊಡಬೇಕು.

ಗರ್ಭಿಣಿಯರಿಗೂ ಒಂದು ಮಾತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಸಂಧಿವಾತಕ್ಕೆ ಅಡಲಿಮುಮ್ಯಾಬ್‌ನಂಥ ಇಂಜೆಕ್ಷನ್ ತಗೊಂಡಿದ್ದರೆ ಅದು ಮಗುವಿನ ರಕ್ತಕ್ಕೂ ಹೋಗಿರುತ್ತದೆ. ನಮ್ಮಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಚುಚ್ಚುತ್ತಾರೆ, ಅದು ಜೀವಂತ ಲಸಿಕೆ. ಹೆರಿಗೆಗೆ ಮುಂಚೆಯೇ ಮಕ್ಕಳ ವೈದ್ಯರಿಗೆ ಹೇಳಿಡಿ. ಬಿಸಿಜಿಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕುತ್ತಾರೆ.

ಈಗ ನನ್ನ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ವಾರ, ಯಾವ ಲಸಿಕೆ ಯಾವಾಗ ಆಯಿತು, ಎಲ್ಲ ಬರೆದಿದೆ. ಕೆಳಗೆ ನನ್ನ ವೈದ್ಯರ ಸಹಿ. ಹೋದ ತಿಂಗಳು ಅದನ್ನೇ ತೋರಿಸಿ ಸರ್ಪಸುತ್ತಿನ ಎರಡನೇ ಡೋಸ್ ಹಾಕಿಸಿಕೊಂಡೆ. ಯಾರೂ ವಾಪಸ್ ಕಳಿಸಲಿಲ್ಲ. ಎರಡು ದಿನ ತೋಳು ನೋಯಿತು, ಒಂದು ರಾತ್ರಿ ಜ್ವರ ಬಂತು. ಭಾನುವಾರ ಎಂದಿನಂತೆ ವಾರದ ಮಾತ್ರೆ ತಗೊಂಡೆ.

ನಮಸ್ಕಾರ.